ಎಡಬಾಗಿಲಿನ ನೆಗ್ಗು

ಜಮಖಂಡಿಯ ಡೆಂಟಿಂಗ್ ಗ್ಯಾರೇಜಿನಲ್ಲೇ ತಲೆ ಹಣ್ಣಾಗಿಸಿಕೊಂಡ ಸಾಬಣ್ಣ, ಗಾಡಿಯ ನೆಗ್ಗು ತೆಗೆದುಕೊಡು ಎಂದು ಬಂದವರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದ. ನೆಗ್ಗು ಹಾಕಿಕೊಡು ಎಂದು ಬಂದ ಗಿರಾಕಿ ಮಾತ್ರ ಶಂಕರೆಪ್ಪ ಒಬ್ಬನೇ.

"ಸಾವ್ಕಾರ್ರ, ಚಾಷ್ಟಿ ಮಾಡಾಕತ್ತೀರೇನು?" ಸಾಬಣ್ಣ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟೇಬಿಟ್ಟ. "ಕೊಲ್ಲಾಪುರದ ಗುಜರಿ ಬಜಾರ ಎಲ್ಲಾ ಜಾಲಾಡಿ ಈ ಬಾಗಿಲಾದ ತಗಡಿನ ಪತ್ರಾ ತರಿಸೇನಿ. ಒಂದು ಗೀರಿಲ್ಲ ಇದಕ್ಕ. ಇಂಥಾದ್ದಕ್ಕ ನಾನ ನೆಗ್ಗ ಹಾಕಬೇಕ?"

"ಚಾಷ್ಟಿ ಅಲ್ಲೋ ಮಾರಾಯ. ಖರೇನ ಹೇಳಾಕತ್ತೇನಿ."

ಶಂಕರೆಪ್ಪ ಬನಹಟ್ಟಿಯ ಸೀರೆ ವ್ಯಾಪಾರಿ. ಅಂಗಡಿಯ ಕೀಲಿಕೈ ಮಗ ಮಲ್ಲಿನಾಥನ ಸೊಂಟಕ್ಕೆ ಹೋಗಿ ಎಷ್ಟೋ ವರ್ಷವಾಯಿತು. ಮುದುಕನಿಗೆ ಅಂತ ಉಳಿದದ್ದು ಹಳೆಯ ಅಂಬಾಸಡರ್ ಕಾರು. ಅದಕ್ಕೂ ದೃಷ್ಟಿ ತಾಗಿತು. ಹೋದ ತಿಂಗಳು ಮುಧೋಳ ರಸ್ತೆಯಲ್ಲಿ ಕಬ್ಬು ಹೇರಿಕೊಂಡು ತೂಗಾಡುತ್ತ ಹೊರಟಿದ್ದ ಟ್ರ್ಯಾಕ್ಟರಿನ ಟ್ರೇಲರ್ ಒಂದು, ಮುಂದಿನ ಎಡಬಾಗಿಲನ್ನು ಉದ್ದಕ್ಕೂ ಸೀಳಿಕೊಂಡು ಹೋಯಿತು. ಪುಣ್ಯಕ್ಕೆ ಆಗ ಎಡಸೀಟು ಖಾಲಿಯಿತ್ತು, ಒಳಗಿನ ಚೌಕಟ್ಟಿಗೂ ಏನೂ ಆಗಲಿಲ್ಲ. ಹೊರಗಿನ ಪತ್ರಾ ಮಾತ್ರ ಹರಿದ ಬಟ್ಟೆಯ ಹಾಗೆ ಜೋತುಬಿತ್ತು.

ಗಾಡಿಯನ್ನು ಗುಜರಿಗೆ ಹಾಕೋಣ ಎಂದ ಮಗ. ಶಂಕರೆಪ್ಪ ಊಟ ಬಿಟ್ಟು ಕೂತ. ಕಡೆಗೆ ಮಗನೇ ಸೋತು, "ಆತಪಾ, ಪತ್ರಾ ಬದಲಿ ಮಾಡಸು. ಆದ್ರ ಆ ಹಳೇ ನೆಗ್ಗೂ ಹೋಗಿ ಬಾಗಿಲಾ ಕನ್ನಡಿ ಆಗಿರಬೇಕು ನೋಡು" ಎಂದು ಅಪ್ಪಣೆ ಕೊಡಿಸಿದ. ಆ ಹಳೇ ನೆಗ್ಗು ಏನೆಂದು ಆ ಹುಡುಗನಿಗೇನು ಗೊತ್ತು! ಆಗ ಅವನಿನ್ನೂ ಹುಟ್ಟಿರಲಿಲ್ಲ.

ಶಂಕರೆಪ್ಪನ ಅಪ್ಪ ಆ ಕಾರು ತಂದ ಹೊಸತು. ಅಪ್ಪನ ಸಿಟ್ಟು ಎಂಥದೆಂದರೆ, ಅವನು ಕೆಮ್ಮಿದರೆ ಓಣಿಯ ಮಗ್ಗಗಳೆಲ್ಲ ಗಪ್ಪಾಗುತ್ತಿದ್ದವು. ಅಂಥವನ ಗಾಡಿಯನ್ನು ಶಂಕರೆಪ್ಪ ಮುಧೋಳದ ಪೇಟೆಯ ಓಣಿಯಲ್ಲಿ ಹಿಂದಕ್ಕೆ ತಿರುಗಿಸಲು ಹೋಗಿ, ನಿಂತ ಚಕ್ಕಡಿಯ ನೊಗದ ತುದಿಗೆ ಗುದ್ದಿಬಿಟ್ಟ. ಬಾಗಿಲಿಗೆ ಅಂಗೈಯಷ್ಟು ನೆಗ್ಗು. ಪಕ್ಕದಲ್ಲಿ ಕೂತಿದ್ದವನು ರಬಕವಿಯ ನೇಕಾರ ಲಗಮಪ್ಪ, ಜೀವದ ಗೆಳೆಯ. ಸೀರೆಯ ಗಂಟು ಹೊರುವುದೂ ಅವನೇ, ವ್ಯಾಪಾರದ ಮಾತಾಡುವುದೂ ಅವನೇ. ಶಂಕರೆಪ್ಪನಿಗೆ ಮೊದಲಿನಿಂದಲೂ ಮಾತು ಕಡಿಮೆ. "ಮತ್ತ ಗುದ್ದಿದೇನಲೇ?" ಎಂದು ಲಗಮಪ್ಪ ಕಣ್ಣು ದೊಡ್ಡದು ಮಾಡಿ ನೋಡಿದ್ದ. ಮತ್ತೆ ಎಂದದ್ದು ಯಾಕೆಂದರೆ, ಅದಕ್ಕೂ ಮೊದಲು ಸೈಕಲ್ಲು, ಮೋಟಾರು ಸೈಕಲ್ಲು, ಎಲ್ಲವನ್ನೂ ಗುದ್ದಿಯಾಗಿತ್ತು.

ಬನಹಟ್ಟಿಗೆ ಬಂದರೆ ಅಪ್ಪ ಕಟ್ಟೆಯ ಮೇಲೆಯೇ ನಿಂತಿದ್ದ. ಕೆಳಗಿಳಿದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಲಗಮಪ್ಪ ಇಳಿಯಲಿಲ್ಲ. ಎಡಗೈಯನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟು, ಅಂಗೈಯನ್ನು ನೆಗ್ಗಿನ ಮೇಲೆ ಅಗಲವಾಗಿ ಊರಿಕೊಂಡು ಕೂತಿದ್ದ.

"ಇಳಿಯಲೇ ಲಗಮ್ಯಾ," ಎಂದ ಅಪ್ಪ.

"ಕಾಲ ಜೋಮ ಹಿಡದಾವ್ರಿ ಸಾವ್ಕಾರ್ರ."

ಅಷ್ಟೆಂದವನೇ ಬಾಗಿಲನ್ನು ಧಪ್ ಧಪ್ ಎಂದು ಎರಡು ಸಲ ತಟ್ಟಿದ. ಶಂಕರೆಪ್ಪನಿಗೆ ಬೇರೆ ಹೇಳಬೇಕಾಗಲಿಲ್ಲ, ಗೇರು ಹಾಕಿ ಓಡಿಸಿದ. ಅಂದಿನಿಂದ ಎರಡು ಏಟೆಂದರೆ ನಡೆ, ಒಂದು ಏಟೆಂದರೆ ನಿಲ್ಲು. ಲೋಕಾಪುರ, ಬೀಳಗಿ, ತೇರದಾಳ, ಯಾವ ಪೇಟೆಗೆ ಹೋದರೂ ಲಗಮಪ್ಪನ ಎಡಗೈ ಆ ನೆಗ್ಗಿನಲ್ಲೇ. ಅಪ್ಪ ತೀರಿಕೊಂಡ ಮೇಲೂ ಆ ಕೈ ಅಲ್ಲಿಂದ ಕದಲಲಿಲ್ಲ. ಅಪ್ಪ ಆ ನೆಗ್ಗನ್ನು ಕಂಡಿದ್ದನೋ ಇಲ್ಲವೋ, ಶಂಕರೆಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಎಂಥ ದಿನಗಳವು! ದಾರಿಯುದ್ದಕ್ಕೂ ಲಗಮಪ್ಪನ ಮಾತು, ಹಿಂದಿನ ಸೀಟಿನಲ್ಲಿ ಹೊಸ ಸೀರೆಯ ಗಂಜಿಯ ವಾಸನೆ, ಲೋಕಾಪುರದಲ್ಲಿ ಗಿರಮಿಟ್ಟಿನ ಜೊತೆ ಬಿಸಿ ಬಿಸಿ ಮಿರ್ಚಿ. ವ್ಯಾಪಾರವಾಗದ ದಿನವೂ ಇಬ್ಬರೂ ನಗುತ್ತಲೇ ಮನೆಗೆ ಬರುತ್ತಿದ್ದರು.

ಹೋದ ವರ್ಷ ಲಗಮಪ್ಪನಿಗೆ ಲಕ್ವಾ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು, ಜೊತೆಗೆ ಮಾತೂ ಹೋಯಿತು. ಕಲ್ಲಿಗೂ ಸೀರೆ ಮಾರುವಂಥ ನಾಲಿಗೆಯನ್ನೇ ಆರಿಸಿ ಕಿತ್ತುಕೊಂಡನಲ್ಲ ದೇವರು, ಅವನ ನ್ಯಾಯಕ್ಕೆ ಏನೆನ್ನಬೇಕು! ಹೆಂಡತಿ ಸುಂದರವ್ವ ಕರೆದರೂ ಅವನು ತಿರುಗಿ ನೋಡುತ್ತಿರಲಿಲ್ಲ. ಒಂದು ಸಂಜೆ ಶಂಕರೆಪ್ಪ ಸುಮ್ಮನೆ ಅವನನ್ನು ಎತ್ತಿ ಗಾಡಿಯಲ್ಲಿ ಕೂರಿಸಿದ. ಎಡಗೈ ಮೆಲ್ಲಗೆ ಕಿಟಕಿಯಾಚೆ ಜಾರಿತು, ತಡಕಾಡಿತು, ನೆಗ್ಗನ್ನು ಹುಡುಕಿಕೊಂಡಿತು. ಧಪ್ ಧಪ್. ಶಂಕರೆಪ್ಪ ಸ್ಟಿಯರಿಂಗಿಗೆ ತಲೆಯಿಟ್ಟು ಮಗುವಿನ ಹಾಗೆ ಅತ್ತ.

ಅಲ್ಲಿಂದ ದಿನಾ ಸಂಜೆ ಇಬ್ಬರೂ ಕೃಷ್ಣೆಯ ದಂಡೆಯವರೆಗೆ ಹೋಗಿ ಬರುವುದಾಯಿತು. ಬೇಕಾದಲ್ಲಿ ಒಂದು ಏಟು, ಸಾಕಾದಾಗ ಎರಡು. ಅಷ್ಟು ಮಾತು ಸಾಕಾಗಿತ್ತು. ಈಗ ಗಾಡಿ ಗ್ಯಾರೇಜು ಸೇರಿದ ಮೇಲೆ ಲಗಮಪ್ಪ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದ. "ಅಣ್ಣಾರ, ಬಾಯಾಗ ತುತ್ತ ಇಟ್ರ ಹಂಗ ಇಟಗೊಂಡ ಕುಂದರತಾರ್ರಿ ನಿಮ್ಮ ಗೆಳೆಯಾರು," ಎಂದು ಸುಂದರವ್ವ ಕಣ್ಣೀರು ಹಾಕಿದ್ದಳು. ಮಲ್ಲಿನಾಥನ ಹೊಸ ಕಾರಿನಲ್ಲೂ ಒಮ್ಮೆ ಕೂರಿಸಿ ನೋಡಿದ್ದಾಯಿತು. ಕೈ ಹೊರಗೆ ಹೋಯಿತು, ನುಣ್ಣನೆಯ ಬಾಗಿಲಿನ ಮೇಲೆ ಅತ್ತ ಇತ್ತ ಹರಿದಾಡಿತು, ಏನೂ ಸಿಗದೆ ತಿರುಗಿ ಬಂದು ತೊಡೆಯ ಮೇಲೆ ಬಿತ್ತು.

ಇದೆಲ್ಲವನ್ನೂ ಶಂಕರೆಪ್ಪ ತನಗೆ ಬಂದಷ್ಟು ಮಾತಿನಲ್ಲಿ ಹೇಳಿದ. "ನೆಗ್ಗ ಹೋದ್ರ ಅವನ ಮಾತ ಹೋದಂಗೋ ಸಾಬಣ್ಣ."

ಸಾಬಣ್ಣ ಬೀಡಿ ಹಚ್ಚಿ ತುದಿಯವರೆಗೂ ಸೇದಿದ. ಆಮೇಲೆ ಎದ್ದು ಕೆಲಸಕ್ಕೆ ಕೈಹಚ್ಚಿದ. ಬಾಗಿಲನ್ನು ಬಿಚ್ಚಿ ಮಲಗಿಸಿ, ಅಂಚನ್ನು ಸುತ್ತಲೂ ಉಜ್ಜಿ, ಹರಿದ ಪತ್ರಾವನ್ನು ಸಿಪ್ಪೆಯಂತೆ ಸುಲಿದು ತೆಗೆದ. ಅದನ್ನು ಹೊಸ ಪತ್ರಾದ ಮೇಲಿಟ್ಟು ನೆಗ್ಗಿನ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿದ. ಹೊಸದನ್ನು ಚೌಕಟ್ಟಿಗೆ ಕೂರಿಸಿ, ಅಂಚನ್ನು ಸುತ್ತಲೂ ಒಳಕ್ಕೆ ಮಡಚಿ ತಟ್ಟುತ್ತ ಹೋದ. ಸೀರೆಯ ಅಂಚು ಮಡಚುವುದನ್ನೇ ನೋಡುತ್ತ ಬೆಳೆದ ಶಂಕರೆಪ್ಪನಿಗೆ ಆ ಕೆಲಸ ಹಿತವೆನಿಸಿತು.

ಕಡೆಗೆ ಕಟ್ಟಿಗೆಯ ಕೊಡತಿ ಎತ್ತಿಕೊಂಡ ಸಾಬಣ್ಣನ ಮುಖ ನೋಡುವಂತಿರಲಿಲ್ಲ. "ಊರಾಗ ಯಾರ ಮುಂದೂ ಉಸರ ಬಿಡಬ್ಯಾಡ್ರಿ, ಇದು ಸಾಬಣ್ಣ ಹಾಕಿದ ನೆಗ್ಗ ಅಂತ. ನನ್ನ ಅನ್ನಕ್ಕ ಕಲ್ಲ ಬೀಳತೈತಿ." ಎಂದು ಕಣ್ಣು ಮುಚ್ಚಿ ಹೊಡೆದ.

ಬಣ್ಣ ಒಣಗಿದ ಮೇಲೆ ಶಂಕರೆಪ್ಪ ನೇರವಾಗಿ ರಬಕವಿಗೆ ಹೊರಟ. ದಾರಿಯಲ್ಲಿ ಒಂದೇ ಭಯ. ಕೈ ಇದನ್ನು ಒಪ್ಪದಿದ್ದರೆ? ಸುತ್ತಿಗೆ ಕೊಡತಿಗಳ ನೆಗ್ಗು ಬೇರೆ, ನೊಗ ಗುದ್ದಿದ ನೆಗ್ಗು ಬೇರೆ ಎಂದು ಆ ಬೆರಳುಗಳಿಗೆ ಗೊತ್ತಾಗಿಬಿಟ್ಟರೆ? ಆಮೇಲೆ ತೋರಿಸಲು ತನ್ನ ಬಳಿ ಬೇರೆ ಏನೂ ಇಲ್ಲ.

ಸುಂದರವ್ವನೂ ಅವನೂ ಸೇರಿ ಲಗಮಪ್ಪನನ್ನು ಸೀಟಿನಲ್ಲಿ ಕೂರಿಸಿದರು. ಶಂಕರೆಪ್ಪ ತನ್ನ ಜಾಗಕ್ಕೆ ಬಂದು ಕೂತ. ಎಡಗೈ ಕಿಟಕಿಯಾಚೆ ಇಳಿಯಿತು. ಹೊಸ ಬಣ್ಣದ ಮೇಲೆ ಅಳುಕುತ್ತ ಸರಿಯಿತು. ನೆಗ್ಗಿನ ಹತ್ತಿರ ನಿಂತಿತು. ಬೆರಳುಗಳು ಅದರ ಸುತ್ತ ಒಮ್ಮೆ ಹರಿದವು.

ಲಗಮಪ್ಪ ಮುಖ ತಿರುಗಿಸಿದ. ತಿಂಗಳಿನಿಂದ ಗೋಡೆಯನ್ನೇ ನೋಡುತ್ತಿದ್ದ ಕಣ್ಣುಗಳು ದೊಡ್ಡವಾಗಿದ್ದವು, ಹುಬ್ಬು ಮೇಲೇರಿತ್ತು. ಮುಧೋಳದ ಓಣಿಯ ಅದೇ ನೋಟ. ಶಂಕರೆಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಹೊಸ ಪತ್ರಾವನ್ನೂ ಮತ್ತೆ ಗುದ್ದಿದೆಯೇನಲೇ ಎಂದು ಕೇಳುತ್ತಿದ್ದಾನೆ!

"ಇಲ್ಲೋ ಲಗಮ್ಯಾ, ಅದನ್ನ ನಾನ..." ಎನ್ನುವಷ್ಟರಲ್ಲಿ ಮುಂದೆ ಮಲ್ಲಿನಾಥನ ಬೈಕು ಬಂದು ನಿಂತಿತು.

"ಅಪ್ಪಾ, ಸೀದಾ ಇಲ್ಲೇ ಬಂದಿಯೇನು? ಬಾಗಿಲಾ ಹೆಂಗ ಆಗೇತಿ, ನೋಡೂಣು."

ಶಂಕರೆಪ್ಪ ಅವಸರದಿಂದ ಗಾಡಿ ಚಾಲೂ ಮಾಡಿದ. ಅಂದು ಅಪ್ಪನಿಗೆ ಹೆದರಿದ, ಇಂದು ಮಗನಿಗೆ. ನಡುವೆ ಒಂದು ದಿನವಾದರೂ ಅವನು ಸಾವ್ಕಾರನಾಗಿದ್ದನೋ ಇಲ್ಲವೋ. ಮಲ್ಲಿನಾಥ ಸುತ್ತು ಹಾಕಿ ಎಡಗಡೆಗೆ ಬಂದ.

ಲಗಮಪ್ಪನ ಅಂಗೈ ನೆಗ್ಗಿನ ಮೇಲೆ ಅಗಲವಾಗಿ ಹರಡಿಕೊಂಡಿತು.

"ಕಾಕಾ, ಕೈ ಒಂದ್ಚೂರ ತಗೀರಿ."

ಕೈ ಅಲ್ಲಾಡಲಿಲ್ಲ. ಲಗಮಪ್ಪ ಏನೂ ಕೇಳಿಸದವನಂತೆ ನೆಟ್ಟಗೆ ರಸ್ತೆಯನ್ನೇ ನೋಡುತ್ತಿದ್ದ. ಸೊಟ್ಟಗಾಗಿದ್ದ ಬಾಯಿಯ ಎಡತುದಿ ಮಾತ್ರ ತುಸು ಅರಳಿತ್ತು.

"ಇರಲಿ ಬಿಡ್ರಿ. ಛಲೋ ಆಗೇತಿ, ಒಂದು ಗೀರಿಲ್ಲ," ಎಂದ ಮಲ್ಲಿನಾಥ.

ಧಪ್ ಧಪ್.

ಶಂಕರೆಪ್ಪ ಕಣ್ಣೊರೆಸಿಕೊಳ್ಳಲೂ ನಿಲ್ಲದೆ ಗೇರು ಹಾಕಿದ.