ಆಷಾಢಕ್ಕೆ ಮುಂಚೆ ತಂದ ಕಾರು

"ನಮ್ಮ ಕಾರು ಕುದ್ದ ಕುದಿಗೆ ಇಡೀ ಭದ್ರಾವತಿಗೆ ಅನ್ನ ಬೇಯಿಸ್ಬೋದಿತ್ತು ಮಾರಾಯ್ರೆ!"

ಸಣ್ಣಮ್ಮನ ಗಂಟಲಿಗೆ ಶಿವಮೊಗ್ಗದ ಆ ಹಳೇ ಕಾರುಗಳ ಅಂಗಡಿಯ ತಗಡೇ ಅದುರಿತು. ಅಂಗಡಿಯ ಮಾಲೀಕ ಹುಸೇನ್ ಮೇಜಿನ ಹಿಂದೆ ಕೂತಿದ್ದ. ಸಣ್ಣಮ್ಮನ ಮಗ ಸಿದ್ದು ಮಾತ್ರ ಕೂರಲೂ ಇಲ್ಲ, ನಿಲ್ಲಲೂ ಇಲ್ಲ. ಬಾಗಿಲಿಂದ ಮೇಜಿಗೆ, ಮೇಜಿಂದ ಬಾಗಿಲಿಗೆ ನೆಲ ಸವೆಸುತ್ತಿದ್ದ. ಶಂಕರಘಟ್ಟದಲ್ಲಿ ಪಾಠ ಮಾಡುವ ನಾಲ್ವರು ಮೇಡಂಗಳನ್ನು ಬರುವ ಸೋಮವಾರದಿಂದ ದಿನಾ ಈ ಕಾರಿನಲ್ಲಿ ಕರೆದೊಯ್ಯುವ ಕೆಲಸ ಅವನಿಗೆ ಸಿಕ್ಕಿತ್ತು. ಕಾರ್ಖಾನೆ ಕೆಲಸ ಹೋದ ಮೇಲೆ ಎರಡು ವರ್ಷಕ್ಕೆ ಸಿಕ್ಕ ಮೊದಲ ಕೆಲಸ.

"ಕೂಲಂಟ್ ಜಾಗದಲ್ಲಿ ಬರೀ ತುಕ್ಕುನೀರು. ಬೆಲ್ಟು ನೂಲೆದ್ದಿದೆ. ಬ್ರೇಕಲ್ಲಿ ಏನೂ ಉಳಿದಿಲ್ಲ. ಸರ್ವಿಸ್ ಆಗಿದೆ ಅಂತ ಯಾಕ್ರೀ ಸುಳ್ಳು ಹೇಳಿದ್ರಿ?"

"ನಾನು ಹಂಗೆ ಹೇಳಿಲ್ಲ ಸಿದ್ದಣ್ಣ."

"ಮತ್ಯಾರು, ನಮ್ಮವ್ವ ಹೇಳಿದ್ಲಾ?"

ಹುಸೇನ್ ಸಣ್ಣಮ್ಮನ ಕಡೆ ನೋಡಿದ. ಅವಳು ಗೋಡೆಯ ಕ್ಯಾಲೆಂಡರನ್ನು ಅಕ್ಷರ ಅಕ್ಷರ ಓದುವವಳಂತೆ ದಿಟ್ಟಿಸತೊಡಗಿದಳು. ಓದು ಬರುತ್ತಿದ್ದರೆ ತಾನೆ!

ಮೂರು ವಾರದ ಹಿಂದೆ ಸಿದ್ದು ಹೂವಿನ ಹಾರ ತರಲು ಹೋಗಿದ್ದಾಗ ಇದೇ ಹುಸೇನ್, "ಸರ್ವಿಸ್ ಬಾಕಿ ಇದೆ ಅಮ್ಮ, ಮೂರು ದಿನ ಬಿಡಿ, ಮಾಡಿಸಿ ಕೊಡ್ತೀನಿ" ಎಂದಿದ್ದ. ಮಾರನೇ ದಿನದಿಂದ ಆಷಾಢ. ಆಷಾಢದಲ್ಲಿ ಕಾರು ಮನೆಗೆ ತರುವುದೆಂದರೆ ಯಮನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿಕೊಂಡ ಹಾಗೆ ಎಂದು ನಂಬಿದವಳು ಸಣ್ಣಮ್ಮ. ನಮ್ಮೂರಲ್ಲೇ ಮಾಡಿಸಿಕೊಳ್ಳುತ್ತೇವೆಂದು ಹೇಳಿ, ಹಾಗೆಂದೇ ಅವನು ಬರೆದ ಚೀಟಿಗೆ ಹೆಬ್ಬೆಟ್ಟು ಒತ್ತಿದಳು. ಹಾರ ಹಿಡಿದು ಬಂದ ಮಗ ಎಲ್ಲಿ ಕಾಯೋಣ ಎಂದಾನೋ ಅಂತ, "ಎಲ್ಲಾ ಆಗಿದೆಯಂತೆ, ಹೊರಡು" ಅಂದುಬಿಟ್ಟಳು. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಇಪ್ಪತ್ತು ನಾಳೆಗಳು ಕಳೆದಿದ್ದವು.

ಹುಸೇನನ ಕೈ ಆ ಚೀಟಿಯಿದ್ದ ಡ್ರಾಯರಿನತ್ತ ಹೋಯಿತು. ಅವಳ ಮುಖ ನೋಡಿ ಮತ್ತೆ ಮೇಜಿನ ಮೇಲೆ ಬಂತು.

"ಬಾಯಿ ಬಿಡ್ರೀ!" ಸಿದ್ದು ಅವನ ಕೊರಳಪಟ್ಟಿ ಹಿಡಿದ. "ನನ್ನ ಹೊಟ್ಟೆ ಮೇಲೆ ಹೊಡೆದು ಸುಮ್ನೆ ಕೂತಿದೀರಲ್ಲ!"

"ಬಿಡೋ ಅವರನ್ನ." ಸಣ್ಣಮ್ಮನ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. "ಅವರು ಮೂರು ದಿನ ಕಾಯಿರಿ ಅಂದ್ರು. ಆಷಾಢ ಬಂತಲ್ಲ ಅಂತ ನಾನೇ ಬೇಡ ಅಂದೆ. ನಿಂಗೆ ಸುಳ್ಳು ಹೇಳಿದ್ದು ನಾನು ಕಣೋ."

ಸಿದ್ದುವಿನ ಕೈ ಸಡಿಲವಾಯಿತು. ಹುಸೇನ್ ಅಂಗಿ ಸರಿಮಾಡಿಕೊಂಡ.

"ಕಾರು ಇಲ್ಲೇ ಬಿಡಿ. ನಾನೇ ಮಾಡಿಸ್ತೀನಿ. ಆದ್ರೆ ಬೆಲ್ಟು ಹುಬ್ಳಿಯಿಂದ ಬರ್ಬೇಕು, ಬುಧವಾರ ಆಗತ್ತೆ."

ಸಿದ್ದು ಫೋನು ತೆಗೆದುಕೊಂಡು ಹೊರಗೆ ಹೋದ. ಸಣ್ಣಮ್ಮ ಬೆಂಚಿನ ತುದಿಯಲ್ಲಿ ಕೂತು ಕಿವಿಯಾದಳು.

"ಬುಧವಾರ ಮೇಡಂ... ಎರಡೇ ದಿನ... ಹ್ಞೂಂ. ಸರಿ ಮೇಡಂ. ಬೇರೆಯವರನ್ನೇ ಕರ್ಕೊಳ್ಳಿ."

ಬಹಳ ಹೊತ್ತಿನ ಮೇಲೆ ಅವನು ಎದುರಿನ ಹೋಟೆಲಿನಿಂದ ಮೂರು ಟೀ ಹಿಡಿದು ಬಂದ. ಒಂದನ್ನು ಎರಡೂ ಕೈಯಿಂದ ಹುಸೇನನಿಗೆ ಕೊಟ್ಟ. ಇನ್ನೊಂದನ್ನು ಬೆಂಚಿನ ಮೇಲೆ, ಅವ್ವನಿಂದ ಒಂದು ಮಾರು ದೂರಕ್ಕೆ ಇಟ್ಟು, ತನ್ನದನ್ನು ಹಿಡಿದು ಕಾರಿನ ಹತ್ತಿರ ಹೋಗಿ ನಿಂತ.

ಟೀ ಮೇಲೆ ಕೆನೆ ಕಟ್ಟುತ್ತಿತ್ತು. ಸಣ್ಣಮ್ಮ ಕೈ ಚಾಚಲಿಲ್ಲ.