ಹಳೆಯ ರೂಟರಿನ ಜ್ವರ

ಹೊಲಿಗೆ ಕಾರ್ಖಾನೆಯ ಹೆಂಗಸರೆಲ್ಲ ಅವಳನ್ನು ವೈರಕ್ಕ ಎಂದೇ ಕರೆಯುತ್ತಿದ್ದರು. ಅವಳು ನೆಟ್‌ವರ್ಕ್ ಕೆಲಸದವಳು. ಅಲ್ಲಿನ ಮೇಲ್ವಿಚಾರಕಿ ಅವಳ ಸ್ವಂತ ಚಿಕ್ಕಮ್ಮ. ಹಾಗಾಗಿ ಇಂಟರ್‌ನೆಟ್ ಕೈಕೊಟ್ಟಾಗಲೆಲ್ಲ ಬೈಗುಳ ಮನೆಯವರ ಸಲಿಗೆಯಲ್ಲೇ ಬೀಳುತ್ತಿತ್ತು.

ಆ ದಿನ ಊಟದ ಬಿಡುವು ಮುಗಿದ ಮೇಲೆ ವೈರಕ್ಕ ಬಟ್ಟೆ ದಾಸ್ತಾನಿನ ಕೋಣೆಯ ಗೋಡೆಯಿಂದ ಹಳೆಯ ರೂಟರನ್ನು ಬಿಚ್ಚಿ, ಹೊಸದನ್ನು ಆಫೀಸಿನಲ್ಲಿ ಕೂರಿಸಿದಳು. ಹಳೆಯದು ಆಗಾಗ ಸುಮ್ಮಸುಮ್ಮನೆ ಆರಿಹೋಗುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಹಿಂದಿನದೆಲ್ಲ ಮರೆತು ಏಳುತ್ತಿತ್ತು. ರೋಗ ಏನೆಂದು ತಿಳಿಯುತ್ತಲೇ ಇರಲಿಲ್ಲ. ಹೊಸದರ ವಿಷಯದಲ್ಲಿ ಹಾಗಾಗಕೂಡದೆಂದು, ಅದು ತನಗಾದದ್ದನ್ನೆಲ್ಲ ಆಗಿಂದಾಗಲೇ ಆಫೀಸಿನ ಸರ್ವರ್ ಕಂಪ್ಯೂಟರಿಗೆ ಸಂದೇಶವಾಗಿ ಕಳಿಸುವಂತೆ ಮಾಡಿದಳು. ಸರ್ವರಿನ ವಿಳಾಸ ಬರೆದಳು, ಗಡಿಯಾರ ಸರಿಮಾಡಿದಳು, ಪರೀಕ್ಷೆಗೆಂದು ಒಂದು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದಳು. ಸರ್ವರಿನ ತೆರೆಯ ಮೇಲೆ ಸಾಲುಗಳು ಮೂಡಿದವು: ಸಂಪರ್ಕ ಕಡಿದಿದೆ. ಸಂಪರ್ಕ ಬಂದಿದೆ.

"ನೋಡು ಚಿಕ್ಕಮ್ಮ, ಇನ್ಮೇಲೆ ಇದು ಕೆಮ್ಮಿದ್ರೂ ನಮಗೆ ಗೊತ್ತಾಗುತ್ತೆ."

"ಕೆಮ್ಮೋದೇನೂ ಬೇಡಮ್ಮ, ತೆಪ್ಪಗೆ ಕೆಲಸ ಮಾಡಿದ್ರೆ ಸಾಕು."

ಅಷ್ಟರಲ್ಲಿ ಇನ್ನೊಂದು ಸಾಲು ಬಂತು: ಬಿಸಿ ಏರುತ್ತಿದೆ.

ವೈರಕ್ಕ ಹೊಸ ರೂಟರನ್ನು ಮುಟ್ಟಿ ನೋಡಿದಳು. ತಣ್ಣಗಿತ್ತು. ಸಂದೇಶ ಕಳಿಸಿದ್ದು ಯಾರೆಂದು ನೋಡಿ ಚಿಕ್ಕಮ್ಮನಿಗೆ ತೋರಿಸಿದಳು. ಅದು ಹಳೆಯ ರೂಟರಿನ ವಿಳಾಸ.

"ಹಳೇದನ್ನ ಎಲ್ಲಾದ್ರೂ ಸಿಕ್ಕಿಸಿ ಬಂದಿದೀಯೇನೇ?"

"ಇಲ್ಲ ಚಿಕ್ಕಮ್ಮ. ನನ್ನ ಚೀಲದಲ್ಲೇ ಇದೆ."

ಚೀಲ ಕುರ್ಚಿಯ ಮೇಲಿತ್ತು. ಒಳಗೆ ರೂಟರ್ ತನ್ನದೇ ವೈರನ್ನು ಮೈಗೆ ಸುತ್ತಿಕೊಂಡು ಬಿದ್ದಿತ್ತು. ಕರೆಂಟಿಲ್ಲ, ಕೇಬಲ್ಲಿಲ್ಲ. ಈ ಸರ್ವರಿನ ವಿಳಾಸವನ್ನು ಅದಕ್ಕೆ ಯಾರೂ ಹೇಳಿಕೊಟ್ಟೂ ಇರಲಿಲ್ಲ. ಅವಳು ಒಳಗೆ ಕೈಹಾಕಿದವಳೇ ಸರಕ್ಕನೆ ಹಿಂದೆಗೆದಳು. ಜ್ವರ ಬಂದ ಮಗುವಿನ ಹಣೆಯ ಹಾಗೆ ಸುಡುತ್ತಿತ್ತು.

ಚಿಕ್ಕಮ್ಮನೂ ಮುಟ್ಟಿ ನೋಡಿದಳು. "ಬಿಸಿಲಲ್ಲಿ ಇಟ್ಟಿದ್ಯಾ?" ಎಂದಳು. ಆಫೀಸಿನ ಕೋಣೆಗೆ ಕಿಟಕಿಯೇ ಇರಲಿಲ್ಲ.

ತೆರೆಯ ಮೇಲೆ ಮತ್ತೊಂದು ಸಾಲು: ಬಿಸಿ ಮಿತಿ ಮೀರಿದೆ.

ಈ ಬಿಸಿ ಇಲ್ಲಿಯದಲ್ಲ ಎಂದು ವೈರಕ್ಕನಿಗೆ ಥಟ್ಟನೆ ಅನ್ನಿಸಿತು. ಯಾಕೆಂದು ಅವಳಿಗೂ ಗೊತ್ತಿಲ್ಲ. ದಾಸ್ತಾನಿನ ಕೋಣೆಗೆ ಓಡಿದಳು. ಸೂರಿನವರೆಗೆ ಒಟ್ಟಿದ ಬಟ್ಟೆಯ ಸುರುಳಿಗಳು ಅಲುಗದೆ ನಿಂತಿದ್ದವು. ಹೊಗೆಯಿಲ್ಲ, ಹೊಸ ಬಟ್ಟೆಯ ಗಂಜಿ ವಾಸನೆ ಬಿಟ್ಟರೆ ಬೇರೆ ವಾಸನೆಯಿಲ್ಲ. ರೂಟರ್ ಬಿಚ್ಚಿದ ಕಡೆ, ಪ್ಲೈವುಡ್ ಹೊದಿಸಿದ ಗೋಡೆಗೆ ಅಂಗೈ ಇಟ್ಟಳು. ಚುರ್ರೆಂದಿತು.

"ಚಿಕ್ಕಮ್ಮಾ, ಮೇನ್ ಆಫ್ ಮಾಡಿಸು! ಎಲ್ರನ್ನೂ ಹೊರಗೆ ಕಳಿಸು!"

ಮಾತುಮಾತಿಗೂ ಯಾಕೆ ಎನ್ನುತ್ತಿದ್ದ ಚಿಕ್ಕಮ್ಮ ಆಗ ಮಾತ್ರ ಹಾಗೆನ್ನದೆ ಮೇನ್ ಆಫ್ ಮಾಡಿಸಿದಳು. ಹೊಲಿಗೆ ಯಂತ್ರಗಳ ಸದ್ದು ಒಮ್ಮೆಗೇ ನಿಂತು, ಹೆಂಗಸರು ತಬ್ಬಿಬ್ಬಾಗಿ ಅಂಗಳಕ್ಕೆ ಬಂದರು. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಓಡಿಬಂದು ಪ್ಲೈವುಡ್ ಕಿತ್ತ. ಹಿಂದೆ ವೈರುಗಳ ಕಟ್ಟು ಕರಗಿ ಮುದ್ದೆಯಾಗಿತ್ತು. ಹಲಗೆಯ ಒಳಮೈ ಕರಿಕಾಗಿ, ಅಂಚಿನಲ್ಲಿ ಕೆಂಪಗೆ ಕಿಡಿ ಹರಿದಾಡುತ್ತಿತ್ತು. ಬಕೆಟ್ಟಿನ ಮರಳು ಸುರಿದು ಆರಿಸಿದ.

"ಇನ್ನೊಂಚೂರು ಬಿಟ್ಟಿದ್ರೆ ಈ ಬಟ್ಟೆಗೆಲ್ಲ ಹತ್ಕೊಂಡುಬಿಡ್ತಿತ್ತು. ನಿಮಗೆ ಹೇಗೆ ಗೊತ್ತಾಯ್ತಕ್ಕಾ?"

"ಸುಟ್ಟ ವಾಸನೆ ಬಂತು," ಎಂದಳು ವೈರಕ್ಕ.

ಅವನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಚಿಕ್ಕಮ್ಮ ನಡುವೆ ಬಾಯಿಹಾಕಿದಳು: "ಹೌದಪ್ಪ, ನನಗೂ ಬಂತು."

ಇಬ್ಬರೂ ಆಫೀಸಿಗೆ ಮರಳಿದರು. ಕರೆಂಟಿಲ್ಲದೆ ಹೊಸ ರೂಟರ್ ಆರಿಹೋಗಿತ್ತು. ಸರ್ವರ್ ಮಾತ್ರ ಬ್ಯಾಟರಿಯ ಮೇಲೆ ಉಸಿರಾಡುತ್ತಿತ್ತು. ಸಂದೇಶ ಬರಲು ದಾರಿಯೇ ಇಲ್ಲದ ಆ ತೆರೆಯ ಮೇಲೆ, ಅವರು ನೋಡನೋಡುತ್ತಿದ್ದಂತೆ, ಅದೇ ಹಳೆಯ ವಿಳಾಸದಿಂದ ಒಂದು ಸಾಲು ಮೂಡಿತು: ಬಿಸಿ ಇಳಿದಿದೆ.

ಚಿಕ್ಕಮ್ಮ ಮೆಲ್ಲಗೆ ಚೀಲದೊಳಗೆ ಕೈಯಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ತಣ್ಣಗಾಗಿದೆ ಕಣೇ," ಎಂದಳು, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎನ್ನುವಷ್ಟು ಸಣ್ಣ ದನಿಯಲ್ಲಿ.