ಮೇಲಿನ ಗೂಟ

"ಹಗ್ಗಾ ತರ್ರಿ," ಎಂದ ಸಂಗಯ್ಯ ಸ್ವಾಮಿ, ಗುರುಲಿಂಗವ್ವನ ಎಡಗೈಯನ್ನು ಮೊಣಕೈ ಹತ್ತಿರ ಹಿಡಿದು ಇನ್ನೊಮ್ಮೆ ಎತ್ತಿ ನೋಡಿ. "ಬಾಗವಲ್ದು. ಕಟ್ಟಿದರನ ನಿಂತೀತು."

"ಕಟ್ಟಬ್ಯಾಡ್ರಿ ಅಯ್ನಾರ," ಎಂದಳು ಸೊಸೆ ರೇಣವ್ವ.

ಪಡಸಾಲೆಯಲ್ಲಿ ಭಜನೆಯ ತಾಳ ನಿಂತಿತು. ಇಳಕಲ್ಲಿನ ಆ ನೇಕಾರ ಓಣಿಯಲ್ಲಿ ಸೊಸೆಯೊಬ್ಬಳು ಮಠದ ಅಯ್ಯನಿಗೆ ಎದುರಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅದೂ ಅತ್ತೆಯ ಹೆಣದ ಮುಂದೆ!

"ಯಾಕವಾ?"

"ಅತ್ತಿ ಹೇಳ್ಯಾಳ್ರಿ. ಬೆನ್ನಿಗೆ ಕಟ್ರಿ, ಹಣಿಗೆ ಕಟ್ರಿ, ಅದು ಎಲ್ಲಾರಿಗೂ ಇದ್ದದ್ದ. ಆ ಕೈಗೆ ಮಾತ್ರ ಹಗ್ಗಾ ಹಾಕಬ್ಯಾಡ್ರಿ."

ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕಾಲು ಮಡಚಿ ಕೂರಿಸಿ, ವಿಭೂತಿ ಧರಿಸಿ, ಎಡ ಅಂಗೈಯನ್ನು ಎದೆಯ ಮುಂದೆ ತಂದು, ಕುಣಿಯಲ್ಲಿ ಆ ಅಂಗೈಯ ಮೇಲೆ ಇಷ್ಟಲಿಂಗ ಇಟ್ಟು ಮಣ್ಣು ಕೊಡುತ್ತಾರೆ. ಜೀವ ಹೋದ ಕೂಡಲೇ ಮೈ ಸೆಟೆಯುವ ಮೊದಲೇ ಕೂರಿಸಬೇಕು. ಇವತ್ತು ತಪ್ಪಿದ್ದು ಅಲ್ಲಿಯೇ. ನಸುಕಿನಲ್ಲಿ ಮುದುಕಿ ಕಣ್ಣು ಮುಚ್ಚಿದಾಗ ಮನೆಯಲ್ಲಿ ರೇಣವ್ವ ಒಬ್ಬಳೇ. ಗಂಡ ಗುರಪ್ಪ ಸೀರೆಯ ಗಂಟು ಹೊತ್ತು ಬದಾಮಿಗೆ ಹೋಗಿದ್ದ, ಮಾವ ಈರಪ್ಪ ಮಠಕ್ಕೆ. ಆಕೆ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತ ಕೂತುಬಿಟ್ಟಿದ್ದಳು. ಓಣಿಯವರು ಬರುವ ಹೊತ್ತಿಗೆ ಕಾಲು ಹೇಗೋ ಮಡಚಿದವು. ಎಡಗೈ ಮಾತ್ರ ಪಕ್ಕೆಗೆ ಅಂಟಿ ಕುಳಿತಿತ್ತು.

"ಇದ್ದಾಗೂ ಆ ಕೈ ಹಂಗ ಇತ್ತಲ್ಲ, ಮಾತು ಕೇಳತಿದ್ದಿಲ್ಲ," ಎಂದ ಈರಪ್ಪ, ಗೋಡೆಗೆ ಒರಗಿದ್ದ ಹೆಂಡತಿಯನ್ನೇ ನೋಡುತ್ತ. ಅಳುವಿನ ನಡುವೆಯೂ ಒಂದಿಬ್ಬರು ನಕ್ಕರು.

ಸಂಗಯ್ಯ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡ. "ಹುನಗುಂದದ ಬಸ್ಸಿಗೆ ಗುರಪ್ಪ ಬರತಾನ. ಅವ ಬರೂತನಕ ನೋಡತೇನಿ. ಆಮ್ಯಾಲ ನನ್ನ ಮಾತು ಕೇಳಬೇಕು."

*

ಆ ಕೈ ಹಿಡಿದುಕೊಂಡದ್ದು ಎಪ್ಪತ್ತೈದನೆಯ ಇಸವಿಯ ಸುಮಾರಿಗೆ.

ಮೊದಲು ಕೈ ಜಡೆಗೆ ಏಳಲಿಲ್ಲ. ಆಮೇಲೆ ಕುಪ್ಪಸದ ತೋಳಿಗೆ ಹೋಗಲಿಲ್ಲ. ಮಗ್ಗದಲ್ಲಿ ಕುಳಿತರೆ ನೂಲು ಬಡಿಯುವ ಹಲಗೆ ಎಳೆಯುವಾಗ ರಟ್ಟೆಯಲ್ಲಿ ಚೂರಿ ಆಡಿಸಿದಂತಾಗುತ್ತಿತ್ತು. ತಲೆಯ ಮೇಲಿನ ಸೆರಗು ಜಾರಿದರೆ ಏರಿಸಿಕೊಳ್ಳಲಾಗದೆ, ಹಿರಿಯರ ಮುಂದೆ ಬರಿತಲೆಯಲ್ಲಿ ನಿಂತಳೆಂದು ಬಂಧುಗಳು ಮುಖ ತಿರುವಿದರು. ಊರಿಗೆಲ್ಲ ಸೆರಗು ನೇಯ್ದ ಹೆಂಗಸಿಗೆ ತನ್ನ ಸೆರಗು ಕೈಗೆಟುಕದೆ ಹೋಯಿತು. ಆಕೆಗೆ ಅತ್ತು ಕರೆಯುವ ಅಭ್ಯಾಸ ಇರಲಿಲ್ಲ, ಕೈಗೇ ಬೈಯುತ್ತಿದ್ದಳು.

"ತಿನ್ನಾಕ ಬೇಕು, ದುಡ್ಯಾಕ ಬ್ಯಾಡಾ ನಿನಗ? ಏಳು ಮುಂಡೇದ!"

ಎಲ್ಲಕ್ಕಿಂತ ನೊಂದದ್ದು ಪೂಜೆಯ ಹೊತ್ತಿನಲ್ಲಿ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ನೇರಕ್ಕೆ ಎತ್ತಿ ನೋಡಬೇಕು. ಕೈ ಹೊಕ್ಕಳಿನಿಂದ ಮೇಲೆ ಬಾರದು.

"ಬಲಗೈಯಾಗ ಹಿಡಿ ತಂಗಿ," ಎಂದಿದ್ದ ಇದೇ ಸಂಗಯ್ಯ. "ಇಲ್ಲಾ ಕಟ್ಟಿಗಿ ಮಣಿ ಮ್ಯಾಲ ಇಟಗೋ. ದೇವರಿಗೇನು ಸಿಟ್ಟು ಬರಂಗಿಲ್ಲ."

"ದೇವರಿಗೆ ಬರಂಗಿಲ್ಲ ಖರೆ," ಎಂದಳು ಗುರುಲಿಂಗವ್ವ, "ನನಗ ಬರತೈತ್ರಿ."

ಓಣಿಯವರು ಕೈಗೆ ಜೋಳಿಗೆ ಕಟ್ಟಿ ಆರಾಮ ಕೊಡು ಎಂದರು. ದವಾಖಾನೆಯ ಡಾಕ್ಟರು ಮಾತ್ರ, ಇಟ್ಟಲ್ಲೇ ಇಟ್ಟರೆ ಇನ್ನಷ್ಟು ಬಿಗಿಯುತ್ತದೆ, ನೋವು ತಡೆಯುವಷ್ಟು ದಿನಾ ಆಡಿಸಬೇಕು, ಗೋಡೆಗೆ ಬೆರಳು ಹಚ್ಚಿ ಏರಿಸಬೇಕು ಎಂದು ಕಳಿಸಿದರು. ಗೋಡೆ ಏರುವುದು ಆಕೆಗೆ ಹಲ್ಲಿಯ ಕೆಲಸ ಎನಿಸಿತು. ಬೇಜಾರಾಗಿ ನಾಲ್ಕು ದಿನಕ್ಕೇ ಬಿಟ್ಟಳು.

ಐದನೆಯ ದಿನ ಗಂಡನನ್ನು ಕರೆದು, ಗೋಡೆಗೆ ಸೊಂಟದ ಎತ್ತರದಿಂದ ತೊಲೆಯತನಕ ಒಂದರ ಮೇಲೊಂದು ಗೂಟ ಬಡಿಯಲು ಹೇಳಿದಳು.

"ಹುಚ್ಚ ಹಿಡದೈತೇನ?" ಎನ್ನುತ್ತಲೇ ಈರಪ್ಪ ಬಡಿದ. ಆಕೆ ಹೇಳಿದ್ದನ್ನು ಮಾಡದೆ ಆ ಮನೆಯಲ್ಲಿ ಯಾರಿಗೆ ರೊಟ್ಟಿ ಇಳಿಯುತ್ತಿತ್ತು?

ಗುರುಲಿಂಗವ್ವನಿಗೆ ಎಲೆ ಅಡಿಕೆ ಅಂದರೆ ಪ್ರಾಣ. ಕೆಂಪು ಗೊಂಡೆಯ ಎಲೆಸಂಚಿ ಸದಾ ಸೊಂಟದಲ್ಲಿರುತ್ತಿತ್ತು. ಆ ಸಂಚಿಯನ್ನು ಕೈ ಏರುವುದಕ್ಕಿಂತ ಒಂದು ಗೇಣು ಮೇಲಿನ ಗೂಟಕ್ಕೆ ಸಿಗಿಸಿದಳು. ಎಡಗೈಯಿಂದಲೇ ತೆಗೆದರೆ ಎಲೆ, ಇಲ್ಲದಿದ್ದರೆ ಉಪವಾಸ. ಬಲಗೈ ಮುಟ್ಟುವಂತಿಲ್ಲ, ಮುಟ್ಟಿದರೆ ಕೂಗು ಹಾಕಲು ಪಕ್ಕದ ಮನೆಯ ಶಹರಬಾನುವನ್ನು ಕಾವಲಿಟ್ಟಿದ್ದಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಶಹರಬಾನು ಬೆಚ್ಚಗಿನ ಕುಸುಬಿ ಎಣ್ಣೆ ತಂದು ಗೆಳತಿಯ ಹೆಗಲು ತಿಕ್ಕುವಳು. ತಿಕ್ಕಿದ ಮೇಲೆ ಗುರುಲಿಂಗವ್ವ ಗೋಡೆಗೆ ನಿಂತು ಹಲ್ಲು ಕಚ್ಚುವಳು. ಕೆಳಗಿನ ಗೂಟ ಸುಲಭವಾದ ದಿನ ಸಂಚಿ ಮೇಲಿನ ಗೂಟಕ್ಕೆ ಹೋಗುತ್ತಿತ್ತು.

ವರ್ಷ ಕಳೆದು ಒಂದು ಮುಂಜಾನೆ ತೊಲೆಯ ಕೆಳಗಿನ ಗೂಟದಿಂದ ಸಂಚಿ ಇಳಿಯಿತು. ಆಕೆ ಬಾಯ್ತುಂಬ ಎಲೆ ಹಾಕಿಕೊಂಡು, ಸೆರಗನ್ನು ಎಡಗೈಯಿಂದಲೇ ತಲೆಯ ಮೇಲೆ ಎಳೆದುಕೊಂಡು, ಓಣಿಯ ಮನೆಮನೆಗೂ ಹೋಗಿ ಬಂದಳು. ಯಾರಿಗೂ ಏನೂ ಹೇಳಲಿಲ್ಲ, ಸುಮ್ಮನೆ ಸೆರಗು ಸರಿಮಾಡಿಕೊಂಡಳು.

ಮೊನ್ನೆ ಜ್ವರ ಬಂದು ಮಲಗಿದಾಗ ರೇಣವ್ವನಿಗೆ ಹೇಳಿದ್ದೂ ಅದನ್ನೇ. "ಈ ಕೈ ನಾ ಬೇಡಿ ತಂದದ್ದಲ್ಲ, ದುಡದು ತಂದದ್ದು. ಲಿಂಗಾ ಅದs ಹಿಡೀತೈತಿ. ಹಗ್ಗಾ ಗಿಗ್ಗಾ ಹಾಕಿದ್ರ ಎದ್ದ ಬಂದು ಬೈತೇನಿ ನೋಡು."

*

"ಸರೀರಿ ಎಲ್ಲಾರೂ," ಎನ್ನುತ್ತ ಶಹರಬಾನು ಬಂದಳು. ಕೈಯಲ್ಲಿ ಹಿತ್ತಾಳೆಯ ಬಟ್ಟಲು, ಅದರಲ್ಲಿ ಬೆಚ್ಚಗಿನ ಕುಸುಬಿ ಎಣ್ಣೆ. "ಅಕ್ಕನ ಕೈಯ ಗುಣಾ ನನಗ ಗೊತ್ತು. ಜಗ್ಗಿದ್ರ ಬರಂಗಿಲ್ಲ, ರಮಿಸಬೇಕು. ರೇಣವ್ವಾ, ನೀ ಮೊಣಕೈ ಹಿಡಿ."

ಸಂಗಯ್ಯ ಪಕ್ಕಕ್ಕೆ ಸರಿದ.

ಆಕೆ ಹೆಗಲಿನ ಕೀಲಿನ ಸುತ್ತ ಎಣ್ಣೆ ಹಚ್ಚಿ ತಿಕ್ಕತೊಡಗಿದಳು. ರೇಣವ್ವ ಮೊಣಕೈಯನ್ನು ಮೆಲ್ಲಗೆ ಹೊರಗೆ ತಂದು ಬಿಟ್ಟಳು, ಮತ್ತೆ ತಂದಳು. ಕೈ ಒಂದಿಷ್ಟು ಬಂದು ಮತ್ತೆ ಪಕ್ಕೆಗೇ ಹೋಯಿತು. ರೇಣವ್ವನ ಮೈ ಬೆವೆತಿತು. ನಾನೇ ಕೆಡಿಸಿದೆ, ಅತ್ತು ಕೂತು ಕೆಡಿಸಿದೆ ಎಂದು ತನ್ನನ್ನೇ ಬೈದುಕೊಂಡಳು. ಅವಳ ಸೆರಗು ಜಾರಿ ಹೆಗಲಿಗೆ ಬಿತ್ತು. ಬಲಗೈಯಿಂದ ಅತ್ತೆಯ ಮೊಣಕೈ ಹಿಡಿದಿದ್ದಳು. ಎಡಗೈ ಬಿಡುವಾಗಿಯೇ ಇತ್ತು, ಆದರೆ ಅದನ್ನು ಮೇಲೆತ್ತಲಿಲ್ಲ. ಶಹರಬಾನುವೇ ಎಣ್ಣೆಗೈಯಿಂದ ಸೆರಗು ಏರಿಸಿ, ಅವಳ ಮುಖವನ್ನೊಮ್ಮೆ ದಿಟ್ಟಿಸಿ ನೋಡಿದಳು.

"ಎಂದಿನಿಂದ?" ಎಂದಳು ಮೆಲ್ಲಗೆ.

"ದೀಪಾವಳಿ ಆದಮ್ಯಾಲ. ಜಡಿ ಹಾಕ್ಕೊಳಾಕ ಬರವಲ್ದು ಚಿಗವ್ವಾ. ಅತ್ತಿಗೆ ಹೇಳಿರಲಿಲ್ಲ."

"ಮೊದಲ ಇದು ಮುಗೀಲಿ. ಮೊಣಕೈ ಬಿಡಬ್ಯಾಡ."

ಬಾಗಿಲಲ್ಲಿ ಗದ್ದಲವಾಯಿತು. ಗುರಪ್ಪ ಬಂದು "ಯವ್ವಾ!" ಎಂದು ಹೊಸ್ತಿಲಲ್ಲೇ ಕುಸಿದ. ಸಂಗಯ್ಯ ಹೆಗಲ ಮೇಲಿನ ಹಗ್ಗಕ್ಕೆ ಕೈ ಹಾಕಿದ. ಅದೇ ಹೊತ್ತಿಗೆ ಶಹರಬಾನುವಿನ ಬೆರಳ ಕೆಳಗೆ ಬಿಗಿ ಸಡಿಲಿತು. ಮೊಣಕೈ ಮಡಚಿತು. ಅಂಗೈ ಎದೆಯ ಮುಂದೆ ಬಂತು. ರೇಣವ್ವ ಹಿಡಿದದ್ದನ್ನು ಬಿಟ್ಟಳು.

ಕೈ ಬೀಳಲಿಲ್ಲ.

"ಬಂದಾಳ, ಬಂದಾಳ ನಮ್ಮವ್ವ!" ಎಂದು ರೇಣವ್ವ ಜೋರಾಗಿ ಅತ್ತಳು. ತಾಳ ಮತ್ತೆ ಶುರುವಾಯಿತು.

ಹೆಣ ಕೂರಿಸಿದ ವಿಮಾನ ಓಣಿಯ ಹಳ್ಳದಿಣ್ಣೆಯಲ್ಲಿ ಕುಲುಕಾಡಿಕೊಂಡು ಹೋಯಿತು. ಗುರುಲಿಂಗವ್ವ ತಲೆ ತುಂಬ ಸೆರಗು ಹೊದ್ದು, ಅಂಗೈ ಎದೆಗೆ ಹಿಡಿದು ಹಾಗೆಯೇ ಕೂತಿದ್ದಳು. ಕುಣಿಯಲ್ಲಿ ಕೂರಿಸಿ ಸಂಗಯ್ಯ ಅಂಗೈಯ ಮೇಲೆ ಲಿಂಗವಿಟ್ಟು, ಕೈ ತೆಗೆಯದೆ ಸ್ವಲ್ಪ ಹೊತ್ತು ಕಾದ. ಆಮೇಲೆ ತೆಗೆದ. ಲಿಂಗ ಅಲ್ಲೇ ಇತ್ತು. "ಗಟ್ಟಿ ಹೆಣಮಗಳು," ಎಂದು ಹಗ್ಗ ಸುತ್ತಿ ಗುರಪ್ಪನ ಕೈಗೆ ಕೊಟ್ಟ.

ಸಂಜೆ ನೀರು ಹಾಕಿಕೊಂಡು ಎಲ್ಲರೂ ಕೂತಾಗ ಈರಪ್ಪ ಎದ್ದು, ತೊಲೆಯ ಕೆಳಗಿನ ಗೂಟದಿಂದ ಎಲೆಸಂಚಿ ಇಳಿಸಿದ. ಅದರೊಳಗೆ ನಿನ್ನೆಯ ಎಲೆ ಇನ್ನೂ ಬಾಡಿರಲಿಲ್ಲ. ಮುದುಕ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

"ಇಲ್ಲಿ ಕೊಡ್ರಿ ಮಾವಾ," ಎಂದಳು ರೇಣವ್ವ.

ಗೋಡೆಯ ಹತ್ತಿರ ಹೋಗಿ, ಸೊಂಟದ ಎತ್ತರದ ಗೂಟವನ್ನು ಬಿಟ್ಟು, ಎದೆಯ ನೇರದ ಗೂಟಕ್ಕೆ ಬಲಗೈಯಿಂದ ಸಂಚಿ ಸಿಗಿಸಿದಳು. ಆಮೇಲೆ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಶಹರಬಾನು ಎಣ್ಣೆಯ ಬಟ್ಟಲು ಹಿಡಿದು ಪಕ್ಕಕ್ಕೆ ಬಂದು ನಿಂತಳು. ರೇಣವ್ವ ಹಲ್ಲು ಕಚ್ಚಿ ಎಡಗೈ ಎತ್ತಿದಳು. ಬೆರಳು ಗೋಡೆ ಹಿಡಿದು ಏರಿ, ಅಲ್ಲೇ ನಿಂತವು. ನಡುಬೆರಳಿನ ತುದಿ ಸಂಚಿಯ ಕೆಂಪು ಗೊಂಡೆಗೆ ತಾಗಿ, ಗೊಂಡೆ ಅಲ್ಲಾಡಿತು.